ಒಂದೇ ಔಷಧ, 13 ಪಟ್ಟು ಅಂತರ: ಡೆನೊಸುಮ್ಯಾಬ್ ಚುಚ್ಚುಮದ್ದಿನ ಲೆಕ್ಕ

ಮೂಳೆ ಸವೆತಕ್ಕೆ (ಆಸ್ಟಿಯೊಪೊರೋಸಿಸ್) ಡೆನೊಸುಮ್ಯಾಬ್ ಚುಚ್ಚುಮದ್ದನ್ನು ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ ಕೊಡುತ್ತಾರೆ. ವರ್ಷಕ್ಕೆ 120 ಮಿ.ಗ್ರಾಂ ಆಯಿತು. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ನಾಲ್ಕು ವಾರಕ್ಕೊಮ್ಮೆ 120 ಮಿ.ಗ್ರಾಂ, ಅಂದರೆ ವರ್ಷಕ್ಕೆ 13 ಡೋಸ್, 1,560 ಮಿ.ಗ್ರಾಂ. ಮೂಳೆ ಕರಗಿಸುವ ಜೀವಕೋಶಗಳು ಬೆಳೆಯಲು ಬೇಕಾದ ಪ್ರೊಟೀನನ್ನು ತಡೆಯುವ ಪ್ರತಿಕಾಯ ಇದು. ಅಮೆರಿಕದ ಆಮ್ಜೆನ್ ಕಂಪನಿ 2010ರಲ್ಲಿ ಮೊದಲ ಬಳಕೆಗೆ ‘ಪ್ರೋಲಿಯಾ’, ಎರಡನೆಯದಕ್ಕೆ ‘ಎಕ್ಸ್‌ಜೀವಾ’ ಎಂಬ ಹೆಸರಿನಲ್ಲಿ ಅನುಮೋದನೆ ಪಡೆಯಿತು.

ಬ್ರಿಟನ್ನಿನ ಆರೋಗ್ಯ ಮೌಲ್ಯಮಾಪನ ಸಂಸ್ಥೆ ‘ನೈಸ್’ 2010ರಲ್ಲಿ ದಾಖಲಿಸಿದ ಬೆಲೆ 60 ಮಿ.ಗ್ರಾಂಗೆ 183 ಪೌಂಡ್. 2012ರಲ್ಲಿ ದಾಖಲಿಸಿದ್ದು 120 ಮಿ.ಗ್ರಾಂಗೆ 309.86 ಪೌಂಡ್. ಮಿಲಿಗ್ರಾಂಗೆ ಕ್ರಮವಾಗಿ 3.05 ಮತ್ತು 2.58 ಪೌಂಡ್. ವರ್ಷದ ಔಷಧ ವೆಚ್ಚ ಒಂದು ಕಡೆ 366 ಪೌಂಡ್, ಇನ್ನೊಂದು ಕಡೆ 4,028 ಪೌಂಡ್.

ಈ ಎರಡು ಹೆಸರುಗಳ ಮಾರಾಟ 2023ರಲ್ಲಿ ಸುಮಾರು 616 ಕೋಟಿ ಡಾಲರ್ ಇದ್ದದ್ದು 2024ರಲ್ಲಿ ಸುಮಾರು 660 ಕೋಟಿ ಡಾಲರ್‌ಗೆ ಏರಿತು. ಏರಿಕೆ ಶೇ 7. ಆ ವರ್ಷ ಆಮ್ಜೆನ್ ಒಟ್ಟು ವರಮಾನದ ಸುಮಾರು ಐದನೇ ಒಂದು ಭಾಗ ಈ ಒಂದೇ ಅಣುವಿನಿಂದ ಬಂತು.

ಫಲವೇನು? 7,868 ಮಹಿಳೆಯರನ್ನು ಮೂರು ವರ್ಷ ಗಮನಿಸಿದ, 2009ರಲ್ಲಿ ಪ್ರಕಟವಾದ ‘ಫ್ರೀಡಂ’ ಅಧ್ಯಯನದಲ್ಲಿ ಬೆನ್ನುಮೂಳೆಯ ಹೊಸ ಮುರಿತ ಔಷಧ ಪಡೆಯದ ಗುಂಪಿನಲ್ಲಿ ಶೇ 7.2, ಪಡೆದವರಲ್ಲಿ ಶೇ 2.3. ಇಳಿಕೆ ಶೇ 68. ಸೊಂಟದ ಮುರಿತ ಶೇ 1.2ರಿಂದ 0.7ಕ್ಕೆ ಇಳಿಯಿತು, ಇದನ್ನು ‘ಶೇ 40 ಇಳಿಕೆ’ ಎಂದು ಹೇಳುವುದು ರೂಢಿ. ಡೋಸ್ ಲೆಕ್ಕ ಹಾಕಿದರೆ ಚಿತ್ರ ಬೇರೆ. ಒಂದು ಬೆನ್ನುಮೂಳೆ ಮುರಿತ ತಪ್ಪಿಸಲು ಸುಮಾರು 20 ಮಹಿಳೆಯರು ಮೂರು ವರ್ಷ, ಒಟ್ಟು 120 ಡೋಸ್ ಪಡೆಯಬೇಕು. ಸೊಂಟದ ಒಂದು ಮುರಿತಕ್ಕೆ 200 ಮಹಿಳೆಯರು, 1,200 ಡೋಸ್. ಬ್ರಿಟನ್ನಿನ ಮೇಲಿನ ದರದಲ್ಲಿ ಮೊದಲನೆಯದಕ್ಕೆ 21,960 ಪೌಂಡ್, ಎರಡನೆಯದಕ್ಕೆ 2,19,600 ಪೌಂಡ್. ಒಂದೇ ಚಿಕಿತ್ಸೆ ಎರಡನ್ನೂ ತಡೆಯುವುದರಿಂದ ಈ ಮೊತ್ತಗಳನ್ನು ಕೂಡಿಸುವಂತಿಲ್ಲ. ಮುರಿತದ ಅಪಾಯ ಹೆಚ್ಚಿರುವವರನ್ನು ಆರಿಸಿ ಕೊಟ್ಟಷ್ಟೂ ಇವು ಇಳಿಯುತ್ತವೆ.

ಈ ಔಷಧದ ವೆಚ್ಚ ಒಂದು ಡೋಸ್‌ನ ಬೆಲೆಯಲ್ಲಿ ಮುಗಿಯುವುದಿಲ್ಲ, ನಿಲ್ಲಿಸುವುದಕ್ಕೂ ಬೆಲೆ ಇದೆ. ‘ಫ್ರೀಡಂ’ ಮುಂದುವರಿಕೆಯ 2018ರ ವಿಶ್ಲೇಷಣೆಯಲ್ಲಿ ಬೆನ್ನುಮೂಳೆ ಮುರಿತ, ಚಿಕಿತ್ಸೆ ನಡೆಯುವಾಗ ವರ್ಷಕ್ಕೆ 100 ಮಂದಿಗೆ 1.2 ಇದ್ದದ್ದು, ನಿಲ್ಲಿಸಿದ ಮೇಲೆ 7.1 ಆಯಿತು. ಹೀಗೆ ಮುರಿದುಕೊಂಡವರಲ್ಲಿ ಶೇ 60.7 ಮಂದಿಗೆ ಒಂದಕ್ಕಿಂತ ಹೆಚ್ಚು ಕಡೆ ಮುರಿದಿತ್ತು. ಆದ್ದರಿಂದ ನಿಲ್ಲಿಸುವಾಗ ಝೊಲೆಡ್ರಾನಿಕ್ ಆಮ್ಲದಂಥ ಬೇರೆ ಔಷಧಕ್ಕೆ ಬದಲಿಸುತ್ತಾರೆ. ಆ ಖರ್ಚೂ ಮೊದಲ ದಿನದ ಲೆಕ್ಕಕ್ಕೆ ಸೇರಬೇಕು.

ಕ್ಯಾನ್ಸರ್ ಬಳಕೆಯಲ್ಲೂ ಹೋಲಿಕೆ ಝೊಲೆಡ್ರಾನಿಕ್ ಆಮ್ಲದ ಜೊತೆಗೇ. ಪ್ರಾಸ್ಟೇಟ್ ಕ್ಯಾನ್ಸರ್‌ನ 1,904 ರೋಗಿಗಳಲ್ಲಿ ಮೂಳೆಯ ಮೊದಲ ತೊಡಕು (ಮುರಿತ, ಮೂಳೆಗೆ ವಿಕಿರಣ ಅಥವಾ ಶಸ್ತ್ರಚಿಕಿತ್ಸೆ, ಬೆನ್ನುಹುರಿ ಒತ್ತಡ) ಡೆನೊಸುಮ್ಯಾಬ್ ಪಡೆದವರಿಗೆ 20.7 ತಿಂಗಳಿಗೆ, ಝೊಲೆಡ್ರಾನಿಕ್ ಪಡೆದವರಿಗೆ 17.1 ತಿಂಗಳಿಗೆ ಬಂತು. ಗಳಿಕೆ 3.6 ತಿಂಗಳು. ಇದು 2011ರ ಅಂಕಿ. 2017ರಲ್ಲಿ ಪ್ರಕಟವಾದ, 1,822 ರೋಗಿಗಳ ಇನ್ನೊಂದು ಅಧ್ಯಯನ ಝೊಲೆಡ್ರಾನಿಕ್ ಆಮ್ಲವನ್ನು ನಾಲ್ಕು ವಾರದ ಬದಲು 12 ವಾರಕ್ಕೊಮ್ಮೆ ಕೊಟ್ಟು ನೋಡಿತು. ಎರಡು ವರ್ಷದಲ್ಲಿ ತೊಡಕು ಕಂಡವರು ಶೇ 29.5 ಮತ್ತು ಶೇ 28.6. ವರ್ಷದ 13 ಡೋಸ್ ನಾಲ್ಕೈದಕ್ಕೆ ಇಳಿದರೂ ಫಲ ಕುಗ್ಗಲಿಲ್ಲ. ಹಣದ ಕೊರತೆ ಇರುವ ಮನೆಗೆ ಈ ಎರಡನೇ ಅಂಕಿಯೇ ಹೆಚ್ಚು ಉಪಯುಕ್ತ.

ಅಮೆರಿಕದಲ್ಲಿ ಡೆನೊಸುಮ್ಯಾಬ್‌ನ ಮುಖ್ಯ ಪೇಟೆಂಟ್ 2025ರಲ್ಲಿ ಮುಗಿಯಿತು. ಮೂಲ ಔಷಧಕ್ಕೆ ಸಮಾನವೆಂದು ಸಾಬೀತಾದ ಜೈವಿಕ ಔಷಧವನ್ನು ಬಯೋಸಿಮಿಲರ್ ಎನ್ನುತ್ತಾರೆ. ಅಲ್ಲಿ ಇಂಥ ಮೊದಲ ಅನುಮೋದನೆ 2024ರ ಮಾರ್ಚ್‌ನಲ್ಲಿ ಸ್ಯಾಂಡೋಜ್‌ಗೆ ಸಿಕ್ಕಿತು. ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್‌ಗೆ 2025ರ ಸೆಪ್ಟೆಂಬರ್‌ನಲ್ಲಿ. ಪೈಪೋಟಿಯಿಂದ ಬೆಲೆ ಇಳಿದರೆ ಅದರ ದೊಡ್ಡ ಲಾಭ ಎರಡನೇ, ಮೂರನೇ ಡೋಸ್ ತಪ್ಪದಿರುವುದು.

ಡೋಸ್ ತಡವಾದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ 2,594 ರೋಗಿಗಳ ದಾಖಲೆ ತೋರಿಸಿದೆ. ಆರು ತಿಂಗಳಲ್ಲಿ ಬೆನ್ನುಮೂಳೆ ಮುರಿತ, ಸಮಯಕ್ಕೆ ಪಡೆದವರಲ್ಲಿ ಸಾವಿರಕ್ಕೆ 2.2, 16 ವಾರಕ್ಕಿಂತ ಹೆಚ್ಚು ತಡವಾದವರಲ್ಲಿ 10.1. ಮೂತ್ರಪಿಂಡದ ಕಾಯಿಲೆ ತೀವ್ರವಾಗಿರುವವರಲ್ಲಿ ರಕ್ತದ ಕ್ಯಾಲ್ಸಿಯಂ ಅಪಾಯಕಾರಿಯಾಗಿ ಕುಸಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2024ರ ಜನವರಿಯಲ್ಲಿ ಗಂಭೀರ ಎಚ್ಚರಿಕೆ ಸೇರಿಸಿದ್ದಾರೆ. ಮೊದಲ ಚುಚ್ಚುಮದ್ದಿಗೆ ಮುನ್ನ ವೈದ್ಯರಲ್ಲಿ ಮೂರು ವಿಷಯ ಕೇಳಿಕೊಳ್ಳಿ: ಎಷ್ಟು ವರ್ಷ, ಒಟ್ಟು ಎಷ್ಟು ಹಣ, ನಿಲ್ಲಿಸಿದ ಮೇಲೆ ಯಾವ ಔಷಧ.