ಗೋಮಾಳದ ನಾಡಮರಗಳ ಸಂರಕ್ಷಣೆ

ಮೈಸೂರು ಸೀಮೆಯ ಬಯಲು ಪ್ರದೇಶದ ಗೋಮಾಳಗಳಲ್ಲಿ ಕಮರ, ಕಗ್ಗಲಿ, ಮುತ್ತುಗ ಮುಂತಾದ ನಾಡಮರಗಳು ಕ್ಷೀಣಿಸುತ್ತಿರುವುವು. ಮುದಿಮರಗಳು ಬಿದ್ದ ಮೇಲೆ ಅವುಗಳ ಸ್ಥಾನಕ್ಕೆ ಎಳೆಯವು ಬರುತ್ತಿಲ್ಲ. ಇದಕ್ಕೆ ಮಳೆಯ ಅಭಾವವೊಂದೇ ಕಾರಣವಲ್ಲ. ಸಸಿಗಳು ಆಳೆತ್ತರ ಬೆಳೆಯುವುದಕ್ಕೆ ಮೊದಲೇ ಆಡುಗಳು ಚಿಗುರನ್ನು ಕಡಿದುಬಿಡುವುವು. ಉಳಿದವು ಬೇಸಗೆಯ ಬೆಂಕಿಗೆ ಆಹುತಿಯಾಗುವುವು. ಮರಗಳು ಹೋದರೆ ದನಗಳಿಗೆ ನೆರಳೂ ಬರಗಾಲದ ಸೊಪ್ಪೂ ಇಲ್ಲವಾಗುವುವು. ಮೇಲ್ಮಣ್ಣು ಕೊಚ್ಚಿಹೋಗಿ ಕೆರೆಯಲ್ಲಿ ಹೂಳು ತುಂಬುವುದು.

ಇದಕ್ಕೆ ಪರಿಹಾರವೇನೆಂದರೆ, ಗೋಮಾಳವನ್ನು 4 ಪಾಲು ಮಾಡಿ, ಒಂದು ಪಾಲಿನಲ್ಲಿ ಮೇಯಿಸುವುದನ್ನು ನಿಲ್ಲಿಸತಕ್ಕದ್ದು. ಸುತ್ತಲೂ ಅಗಳು ತೋಡಿ, ಏರಿಯ ಮೇಲೆ ಕತ್ತಾಳೆ ನೆಡಬೇಕು. ಅಲ್ಲಿಯ ಹುಲ್ಲನ್ನು ಕೊಯ್ದು ತರಬಹುದು, ದನ ಬಿಡಕೂಡದು. ಶಿವರಾತ್ರಿಗೆ ಮೊದಲೇ ಅಂಚಿನ ಒಣಹುಲ್ಲನ್ನು ಕೆತ್ತಿ, ಬೆಂಕಿ ದಾಟದಂತೆ ಮಾಡಬೇಕು. ಹಳೆಯ ಬುಡಗಳಲ್ಲಿ ಒಡೆದ ಚಿಗುರುಗಳ ಪೈಕಿ ನೆಟ್ಟಗಿರುವ ಒಂದೆರಡನ್ನುಳಿಸಿ ಮಿಕ್ಕವನ್ನು ಸವರಬೇಕು. ಅವು ದನದ ಬಾಯಿಗೆ ಎಟುಕದಷ್ಟು ಬೆಳೆದ ಮೇಲೆ ಆ ಪಾಲನ್ನು ತೆರೆದು ಮತ್ತೊಂದನ್ನು ಮುಚ್ಚಬೇಕು. ಬಳ್ಳಾರಿ ಜಾಲಿಯ ಕಾಯಿ ತಿಂದ ದನಗಳ ಸಗಣಿಯಿಂದ ಆ ಗಿಡವು ಹರಡುವುದಾದ್ದರಿಂದ, ಕಾಯಿ ಕಟ್ಟುವ ಮೊದಲೇ ಅದನ್ನು ಬೇರುಸಹಿತ ಕೀಳಬೇಕು.

ಪಾಲು ಮುಚ್ಚಿದಾಗ ಜಮೀನಿಲ್ಲದ ಕುರಿ-ಆಡಿನವರಿಗೆ ತೊಂದರೆ ಹೆಚ್ಚು. ಆದಕಾರಣ ಮುಖಂಡರು ಅವರನ್ನೂ ಕೂಡಿಸಿಕೊಂಡು ಕಟ್ಟುಪಾಡು ಮಾಡಿ, ಕೊಯ್ದ ಹುಲ್ಲಿನಲ್ಲಿ ಅವರಿಗೂ ಭಾಗ ಕೊಡತಕ್ಕದ್ದು. ಊರು ಒಪ್ಪದ ಬೇಲಿಯು ಬಹುಕಾಲ ನಿಲ್ಲದು.