ವೃಂದಗಾನದಲ್ಲಿ ಮುಖ್ಯಗಾಯಕನ ಸ್ಥಾನ

ನಮ್ಮ ಶಾಸ್ತ್ರೀಯ ಸಂಗೀತವು ಏಕವ್ಯಕ್ತಿಪ್ರಧಾನವಾದುದೆಂಬ ಮಾತು ರೂಢಿಯಲ್ಲಿದೆ. ಇದರಿಂದಾಗಿ, ಹಲವು ಕಂಠಗಳನ್ನು ಒಬ್ಬ ನಾಯಕನ ಅಧೀನದಲ್ಲಿರಿಸಿ ಹಾಡಿಸುವ ಪದ್ಧತಿಯು ಪಾಶ್ಚಾತ್ಯರಿಂದ ಬಂದುದೆಂದು ಭಾವಿಸುವವರುಂಟು. ಲಕ್ಷಣಗ್ರಂಥಗಳನ್ನೂ ನಮ್ಮ ಹಳ್ಳಿಗಳ ಭಜನಾಮೇಳಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಭಾವನೆ ನಿಲ್ಲಲಾರದು.

ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ರಚಿಸಿದ ‘ಸಂಗೀತರತ್ನಾಕರ’ದಲ್ಲಿ ವೃಂದದ ಲಕ್ಷಣವು ವಿವರವಾಗಿ ಬಂದಿದೆ. ಉತ್ತಮವೃಂದದಲ್ಲಿ 4 ಮಂದಿ ಮುಖ್ಯಗಾಯಕರು, 8 ಮಂದಿ ಸಮಗಾಯಕರು, 12 ಮಂದಿ ಗಾಯನಿಯರು, 4 ಮಂದಿ ಕೊಳಲಿನವರು, 4 ಮಂದಿ ಮೃದಂಗದವರು ಇರಬೇಕು. ಇದರ ಅರ್ಧದಷ್ಟು ಜನರಿಂದ ಕೂಡಿದುದು ಮಧ್ಯಮವೃಂದ. ಕನಿಷ್ಠವೃಂದದಲ್ಲಿ ಮುಖ್ಯಗಾಯಕನು ಒಬ್ಬನೇ. ವಿಜಯನಗರ ಕಾಲದ ಕಲ್ಲಿನಾಥನು ಈ ಗ್ರಂಥಕ್ಕೆ ಟೀಕೆ ಬರೆದುದರಿಂದ ಕನ್ನಡನಾಡಿನ ವಿದ್ವಾಂಸರಲ್ಲಿ ಇದರ ವ್ಯಾಸಂಗ ನಡೆದಿತ್ತೆಂಬುದು ಸ್ಪಷ್ಟ.

ಸಂಖ್ಯೆಗಿಂತ ಮುಖ್ಯವಾದವು ವೃಂದದ ಆರು ಗುಣಗಳು. ಮುಖ್ಯಗಾಯಕನನ್ನು ಅನುಸರಿಸುವುದು, ಧ್ವನಿಗಳು ಬೆರೆಯುವುದು, ತಾಳಲಯಗಳನ್ನು ತಪ್ಪದೆ ಅನುವರ್ತಿಸುವುದು, ಒಬ್ಬರ ಹಾಡಿಕೆ ಕಡಿದಲ್ಲಿ ಇನ್ನೊಬ್ಬರು ತುಂಬುವುದು, ಮಂದ್ರ-ಮಧ್ಯ-ತಾರಗಳೆಂಬ ಮೂರು ಸ್ಥಾನಗಳಲ್ಲಿಯೂ ವ್ಯಾಪಿಸುವ ಶಕ್ತಿ, ಶಬ್ದಸಾದೃಶ್ಯ ಎಂಬಿವೇ ಅವು. ಇವುಗಳಲ್ಲಿ ನಾಲ್ಕನೆಯದು ವಿಶೇಷವಾಗಿ ಗಮನಾರ್ಹ. ಉಸಿರು ಎಲ್ಲರಿಗೂ ಒಂದೇ ಕ್ಷಣದಲ್ಲಿ ಮುಗಿಯಬಾರದು. ಒಬ್ಬನು ಉಸಿರೆಳೆದುಕೊಳ್ಳುವಾಗ ನೆರೆಯವನು ಸ್ವರವನ್ನು ಹಿಡಿದಿರಬೇಕು. ಆಗ ಕೇಳುವವರಿಗೆ ಗಾನವು ಎಲ್ಲಿಯೂ ತುಂಡಾದಂತೆ ತೋರದು.

ಯೂರೋಪಿನ ಪ್ರಾಚೀನ ಸಂಗೀತದ ವೃಂದಗಳಲ್ಲಿಯೂ ಇವೇ ಗುಣಗಳು ಬೇಕಾಗುತ್ತವೆ. ಆದರೆ ಅಲ್ಲಿನ ನಿರ್ದೇಶಕನ ಸಮಸ್ಯೆ ಬೇರೆ. 1594ರಲ್ಲಿ ತೀರಿಕೊಂಡ ಪಾಲೆಸ್ಟ್ರೀನ, 1623ರಲ್ಲಿ ತೀರಿಕೊಂಡ ಬರ್ಡ್ ಮೊದಲಾದವರ ಕೃತಿಗಳು ಸ್ವರಲಿಪಿಯಲ್ಲಿ ಉಳಿದುಬಂದವು; ಅವನ್ನು ಹಾಡುತ್ತಿದ್ದ ಬಗೆ ಮಾತ್ರ ಕಾಲಕ್ರಮದಲ್ಲಿ ಮಾಸಿಹೋಯಿತು. ಒಂದೊಂದು ಕಂಠದ ಪಾಠವು ಬೇರೆ ಬೇರೆ ಪುಸ್ತಕದಲ್ಲಿ ಅಚ್ಚಾಗುತ್ತಿದ್ದುದರಿಂದ ಅವನ್ನು ಕೂಡಿಸಿ ಓದಬೇಕು. ಶ್ರುತಿ, ವೇಗ, ಹಾಡುವವರ ಸಂಖ್ಯೆ ಇವೆಲ್ಲವನ್ನೂ ಊಹೆ ಮತ್ತು ವಿಚಾರಗಳಿಂದ ನಿರ್ಣಯಿಸಬೇಕು. 1973ರಲ್ಲಿ ಪೀಟರ್ ಫಿಲಿಪ್ಸ್ ಆಕ್ಸ್‌ಫರ್ಡಿನಲ್ಲಿ ಕಟ್ಟಿದ ಟ್ಯಾಲಿಸ್ ಸ್ಕಾಲರ್ಸ್ ವೃಂದವು ಈ ಕಾರ್ಯಕ್ಕಾಗಿ ಪ್ರಸಿದ್ಧವಾಗಿದೆ.

ನಮ್ಮ ಸ್ಥಿತಿ ಇದಕ್ಕೆ ವಿಪರೀತ. ಹಾಡುವ ರೂಢಿ ಉಳಿಯಿತು, ಸ್ವರಲಿಪಿ ಇರಲಿಲ್ಲ. ನಿಜಗುಣ ಶಿವಯೋಗಿಯ ‘ಕೈವಲ್ಯಪದ್ಧತಿ’ಯ ಹಾಡುಗಳಿಗೆ ರಾಗದ ಹೆಸರುಗಳಿವೆ. ಆದರೆ ಹೆಸರಿನಿಂದ ರಾಗವು ತಿಳಿಯುವುದೇ ಹೊರತು ಅದರ ಧಾಟಿ ತಿಳಿಯದು. 1564ರಲ್ಲಿ ಕಾಲವಾದ ಪುರಂದರದಾಸರ ಪದಗಳನ್ನು ಒಂದೊಂದು ಪರಂಪರೆ ಒಂದೊಂದು ರಾಗದಲ್ಲಿ ಹಾಡುವುದುಂಟು. ಇಂದು ಕೇಳಿಬರುವ ವಚನಗಳ ರಾಗಸಂಯೋಜನೆಗಳಂತೂ ಬಹುಮಟ್ಟಿಗೆ 20ನೆಯ ಶತಮಾನದವು. ಹೀಗಿರುವಾಗ ಪದದ ಧಾಟಿಗೆ ಆಧಾರ ಗ್ರಂಥವಲ್ಲ, ಮೇಳದ ಮುಂದಾಳು. ಅವನು ಒಂದು ಸಾಲನ್ನು ಎತ್ತಿಕೊಡುತ್ತಾನೆ. ಮಿಕ್ಕವರು ಅದನ್ನೇ ಹಿಡಿದು ಮರಳಿ ಹಾಡುತ್ತಾರೆ. ಈ ಆವೃತ್ತಿಯೇ ಪಾಠಕ್ರಮವೂ ಆಗುತ್ತದೆ. ಬರೆದಿಡದ ಧಾಟಿಯನ್ನು ಬಲ್ಲವನು ಒಬ್ಬನೇ ಉಳಿದಿದ್ದರೆ ಅವನೊಡನೆ ಅದೂ ಹೋಗುತ್ತದೆ.

ಈ ದೃಷ್ಟಿಯಿಂದ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂತಹ ಹೋಬಳಿಗಳು ಅಭ್ಯಾಸಕ್ಕೆ ಯೋಗ್ಯವಾದ ಕ್ಷೇತ್ರಗಳು. ಹೊನ್ನಾಳಿಗೆ ಹೊಂದಿಕೊಂಡ ಶಿಕಾರಿಪುರ ಸೀಮೆಯ ಬಳ್ಳಿಗಾವೆ ಅಲ್ಲಮನ ಹೆಸರಿನೊಡನೆಯೂ ಉಡುತಡಿ ಅಕ್ಕಮಹಾದೇವಿಯ ಹೆಸರಿನೊಡನೆಯೂ ಕೂಡಿಕೊಂಡಿವೆ. ಪಶ್ಚಿಮೋತ್ತರಕ್ಕೆ ಶಿಶುನಾಳ ಷರೀಫರ (1819–1889) ತತ್ತ್ವಪದಗಳ ನಾಡಿದೆ. ಎರಡು ಕಡೆಯ ಪದಸಂಪ್ರದಾಯಗಳು ಸಂಧಿಸಬಹುದಾದ ಇಂತಹ ಎಡೆಯಲ್ಲಿ ಒಂದೇ ಪದಕ್ಕೆ ಎಷ್ಟು ಧಾಟಿಗಳಿವೆ ಎಂಬುದನ್ನು ವಿಚಾರಿಸುವುದು ಫಲದಾಯಕ.

ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿಯೇ ಈ ಕೆಲಸವನ್ನು ಕೈಗೊಳ್ಳಬಹುದು. ಪದದ ಪಾಠವನ್ನಷ್ಟೇ ಬರೆದುಕೊಂಡರೆ ಸಾಲದು. ಮುಂದಾಳು ಎಲ್ಲಿ ಎತ್ತಿಕೊಡುತ್ತಾನೆ, ಮೇಳವು ಎಲ್ಲಿ ಸೇರುತ್ತದೆ, ತಾಳ ಯಾವುದು, ಅವನಿಗೆ ಅದನ್ನು ಕಲಿಸಿದವರು ಯಾರು ಎಂಬಿಷ್ಟನ್ನೂ ಗುರುತಿಸಬೇಕು. ಅವನ ಒಪ್ಪಿಗೆ ಪಡೆದು ಇಡೀ ಮೇಳದ ಹಾಡಿಕೆಯನ್ನು ಧ್ವನಿಮುದ್ರಣ ಮಾಡಬೇಕು. ಅವನೊಬ್ಬನನ್ನೇ ಕೂರಿಸಿ ಹಾಡಿಸಿದರೆ ಧಾಟಿ ದೊರೆತೀತು, ವೃಂದವು ದೊರೆಯದು. ಶಾರ್ಙ್ಗದೇವನು ಹೇಳಿದ ಆರು ಗುಣಗಳಲ್ಲಿ ಹಲವು ಒಂಟಿ ಕಂಠದಲ್ಲಿ ಕಾಣಸಿಗುವಂಥವಲ್ಲ.