ಜಪಾನಿ ಕಚೇರಿಯ ಮಾತು ಮತ್ತು ಮರ್ಯಾದೆ: ಹೊಸೂರಿನ ಕಡೆಯಿಂದ ಒಂದು ನೋಟ

ಗಡಿನಾಡ ಕನ್ನಡದ ವೇದಿಕೆಗೆ ಜಪಾನ್ ಯಾಕೆ ಬಂತು ಅಂತ ಕೆಲವರಿಗೆ ಅನ್ನಿಸಬಹುದು. ಹೊಸೂರಿನವರಿಗೆ ಅನ್ನಿಸಲಿಕ್ಕಿಲ್ಲ. ಅಲ್ಲಿನ ಟಿವಿಎಸ್ ಕಂಪನಿ 2001ರವರೆಗೆ ಸುಜುಕಿಯ ಪಾಲುದಾರನಾಗಿತ್ತು. ಬೇರೆಯಾದ ಮರುವರ್ಷವೇ ಜಪಾನಿನ ಡೆಮಿಂಗ್ ಪ್ರಶಸ್ತಿ ಪಡೆಯಿತು. ಈಚೆ ಬಿಡದಿಯಲ್ಲಿ ಟೊಯೊಟಾ, ನರಸಾಪುರದಲ್ಲಿ ಹೋಂಡಾ ಇವೆ. ‘ಕೈಜೆನ್’, ‘ಫೈವ್ ಎಸ್’ ಇವೆಲ್ಲ ಈಗ ಕಾರ್ಖಾನೆಯ ಗೋಡೆಯ ಮಾತುಗಳು. ಆದರೆ ಗೋಡೆಯ ಜಪಾನಿ ಬೇರೆ, ಮೀಟಿಂಗಿನ ಜಪಾನಿ ಬೇರೆ. ಕಷ್ಟ ಇರೋದು ಎರಡನೆಯದರಲ್ಲಿ.

ವಿಸಿಟಿಂಗ್ ಕಾರ್ಡಿನ ವಿಷಯ ಎಲ್ಲರೂ ಹೇಳ್ತಾರೆ: ಎರಡೂ ಕೈಯಲ್ಲಿ ಕೊಡಬೇಕು, ಅಕ್ಷರ ಅವರ ಕಡೆಗೆ ತಿರುಗಿರಬೇಕು, ತಗೊಂಡದ್ದನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಸೇರಿಸಬಾರದು. ಇದು ಒಂದು ದಿನದಲ್ಲಿ ಕಲಿಯುವಂಥದ್ದು.

ಮರ್ಯಾದೆಯ ಭಾಷೆ ಹಾಗಲ್ಲ. ಅದಕ್ಕೆ ಅವರು ‘ಕೇಗೊ’ ಅಂತಾರೆ. ಕನ್ನಡದಲ್ಲಿ ನಮ್ಮ ಮೇಲಧಿಕಾರಿ ಯಾರ ಮುಂದೆಯೂ ‘ಅವರು’ ತಾನೆ? ಹೊರಗಿನವರು ಫೋನ್ ಮಾಡಿದರೆ ‘ಸಾಹೇಬ್ರು ಇಲ್ಲ, ಹೊರಗೆ ಹೋಗಿದ್ದಾರೆ’ ಅನ್ನುತ್ತೇವೆ. ಜಪಾನಿನಲ್ಲಿ ಹೀಗೆ ಹೇಳಿದರೆ ತಪ್ಪು. ಕಚೇರಿಯೊಳಗೆ ‘ತನಾಕ-ಸಾನ್’ ಅಥವಾ ಹುದ್ದೆಯ ಹೆಸರು ಹಿಡಿದು ಕರೆಯುವ ಅದೇ ಮ್ಯಾನೇಜರ್, ಗ್ರಾಹಕರ ಮುಂದೆ ಬರಿಯ ‘ತನಾಕ’. ‘ಉಚಿ’ ಅಂದರೆ ಒಳಗಿನವರು, ‘ಸೊತೊ’ ಅಂದರೆ ಹೊರಗಿನವರು. ಹೊರಗಿನವರೊಂದಿಗೆ ಮಾತಾಡುವಾಗ ನಮ್ಮವರನ್ನೆಲ್ಲ, ಕಂಪನಿಯ ಅಧ್ಯಕ್ಷನನ್ನೂ ಸೇರಿಸಿ, ತಗ್ಗಿಸಿ ಹೇಳಬೇಕು. ಅಂದರೆ ಗೌರವ ವ್ಯಕ್ತಿಗೆ ಅಂಟಿಕೊಂಡಿಲ್ಲ, ಯಾರ ಎದುರು ಮಾತಾಡ್ತಿದ್ದೀವಿ ಅನ್ನೋದರ ಮೇಲೆ ನಿಂತಿದೆ. ಮನೆಯಲ್ಲೊಂದು, ಸಂತೆಯಲ್ಲೊಂದು, ತಾಲ್ಲೂಕು ಕಚೇರಿಯಲ್ಲೊಂದು ಭಾಷೆ ಆಡುವ ಗಡಿನಾಡಿನವರಿಗೆ ಇದು ಬೇಗ ಹಿಡಿಯಬೇಕು ಅನ್ನೋದು ನನ್ನ ಊಹೆ.

ಇನ್ನು ‘ಹೈ’. ನಿಘಂಟಿನಲ್ಲಿ ಇದಕ್ಕೆ ‘ಹೌದು’ ಅಂತ ಅರ್ಥ. ಆದರೆ ನೀವು ಮಾತಾಡುತ್ತಿರುವಾಗ ಎದುರಿನವರು ನಡುನಡುವೆ ‘ಹೈ, ಹೈ’ ಅಂದರೆ ಒಪ್ಪಿದರು ಅಂತ ತಿಳಿಯಬೇಡಿ. ಕಥೆ ಕೇಳುವವರು ‘ಹೂಂ’ಗುಟ್ಟುವ ಹಾಗೆ ಅದು. ಇದಕ್ಕೆ ಅವರಲ್ಲಿ ‘ಐಜುಚಿ’ ಎಂಬ ಹೆಸರೇ ಇದೆ. ಈ ಹೂಂಗುಟ್ಟುವಿಕೆಯನ್ನು ಒಪ್ಪಿಗೆ ಅಂತ ನಂಬಿ ಸರಕು ತಯಾರಿಸಲು ಹೊರಟ ಸಣ್ಣ ಪೂರೈಕೆದಾರನಿಗೆ ನಷ್ಟ ಗ್ಯಾರಂಟಿ.

ನಿಜವಾದ ಒಪ್ಪಿಗೆ ಮೀಟಿಂಗಿಗೆ ಮೊದಲೇ ಆಗಿರುತ್ತೆ. ಅದು ‘ನೆಮವಾಶಿ’, ಮರವನ್ನು ಕಿತ್ತು ಬೇರೆ ಕಡೆ ನೆಡುವ ಮುಂಚೆ ಬೇರಿನ ಸುತ್ತ ಅಗೆದು ಹದ ಮಾಡುವ ತೋಟಗಾರಿಕೆಯ ಮಾತು. ಸಂಬಂಧಪಟ್ಟ ಒಬ್ಬೊಬ್ಬರನ್ನೂ ಕಂಡು ಮಾತಾಡಿ, ಆಮೇಲೆ ‘ರಿಂಗಿಶೋ’ ಎಂಬ ಕಾಗದ ಕೆಳಗಿನಿಂದ ಮೇಲಕ್ಕೆ ಮುದ್ರೆ ಒತ್ತಿಸಿಕೊಳ್ಳುತ್ತಾ ಹೋಗುತ್ತೆ. ತಡವಾಗುತ್ತೆ, ನಿಜ. ಆದರೆ ಮುದ್ರೆ ಬಿದ್ದ ಮೇಲೆ ಕೆಲಸ ಓಡುತ್ತೆ. ಹಾಗಾಗಿ ಮೀಟಿಂಗಿನಲ್ಲೇ ಎದ್ದು ಹೊಸ ಸಲಹೆ ಕೊಟ್ಟು ಶಭಾಷ್ ಅನ್ನಿಸಿಕೊಳ್ಳೋಣ ಅಂದರೆ ಅಲ್ಲಿ ನಡೆಯೋದು ಕಷ್ಟ.

ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುವುದು ‘ಹೋರೆನ್ಸೋ’. ಹೋಕೊಕು, ರೆನ್‌ರಕು, ಸೋದಾನ್: ವರದಿ ಮಾಡು, ತಿಳಿಸು, ಕೇಳಿ ಮುಂದುವರಿ. ಮೂರರ ಮೊದಲಕ್ಷರ ಸೇರಿದರೆ ಪಾಲಕ್ ಸೊಪ್ಪಿನ ಹೆಸರಾಗುತ್ತೆ, ಅದಕ್ಕೇ ಮರೆಯುವುದಿಲ್ಲ. ‘ಮೊದಲು ಸರಿಮಾಡೋಣ, ಆಮೇಲೆ ಸಾಹೇಬ್ರಿಗೆ ಹೇಳೋಣ’ ಅನ್ನುವ ನಮ್ಮ ಅಭ್ಯಾಸ ಅಲ್ಲಿ ತಪ್ಪಿಗಿಂತ ದೊಡ್ಡ ತಪ್ಪು.

ಎಲ್ಲವನ್ನೂ ಹೊಗಳಬೇಕಾಗಿಲ್ಲ. ಮೇಲಿನವರು ಏಳುವವರೆಗೆ ಕುರ್ಚಿ ಬಿಡದ ಪದ್ಧತಿಯ ದೇಶದಲ್ಲೇ ‘ಕರೋಶಿ’, ಅಂದರೆ ದುಡಿದು ದುಡಿದು ಸಾಯುವುದು, ಎಂಬ ಪದ ಹುಟ್ಟಿತು. 2018ರ ಕಾನೂನು ಹೆಚ್ಚುವರಿ ದುಡಿಮೆಗೆ ಸಾಮಾನ್ಯವಾಗಿ ತಿಂಗಳಿಗೆ 45, ವರ್ಷಕ್ಕೆ 360 ಗಂಟೆಯ ಮಿತಿ ಹಾಕಿತು. ವಿಶೇಷ ಸಂದರ್ಭದಲ್ಲಿ 720ರವರೆಗೆ ಅವಕಾಶ ಉಂಟು. ಕೆಲಸಕ್ಕೆ ಹೋಗುವವರು ಕರಾರಿಗೆ ಸಹಿ ಹಾಕುವ ಮುಂಚೆ ಈ ಅಂಕಿಗಳನ್ನು ತಿಳಿದಿರಬೇಕು.

ಚರ್ಚೆಯಲ್ಲಿ ಒಬ್ಬರು ಕೇಳಿದರು: ‘ಹಾಗಾದ್ರೆ ಸರ್, ಅವರು ಇಲ್ಲ ಅಂದದ್ದು ನಮಗೆ ಹೇಗೆ ಗೊತ್ತಾಗುತ್ತೆ?’ ‘ಸ್ವಲ್ಪ ಕಷ್ಟ’ ಅಂದರೆ ಬಹುಮಟ್ಟಿಗೆ ಇಲ್ಲ ಅಂತಲೇ. ‘ಪರಿಶೀಲಿಸುತ್ತೇವೆ’ ಅಂದರೆ ಎರಡೂ ಇರಬಹುದು. ಆಗ ಒತ್ತಾಯ ಮಾಡಬೇಡಿ. ‘ನಾವು ಯಾವ ದಿನ ವಿಚಾರಿಸಬಹುದು?’ ಅಂತ ಮೆಲ್ಲಗೆ ಕೇಳಿ. ತಾರೀಕು ಕೊಟ್ಟರೆ ಕಾಗದ ನಡೀತಾ ಇದೆ ಅಂತ ತಿಳಿಯಬಹುದು.